ಎ0 ಹಾಳೆಗೆ ಕೆರೆ ಇಳಿಸಿದ್ದು: ಡ್ರೋನ್ ಚಿತ್ರ ಮುದ್ರಿಸುವಾಗ ನಾನು ಹಾಕಿಕೊಂಡ ಲೆಕ್ಕ

ಕೆರೆ, ಅದರ ಕೆಳಗಿನ ಅಚ್ಚುಕಟ್ಟು ಎರಡನ್ನೂ ಡ್ರೋನ್‌ನಿಂದ ತೆಗೆದು 1:1000 ಅಳತೆಯಲ್ಲಿ ಒಂದೇ ಎ0 ಹಾಳೆಗೆ ಇಳಿಸುವ ಕೆಲಸ ಇದು. ಹಾಳೆ 1189 × 841 ಮಿ.ಮೀ. ಈ ಅಳತೆಯಲ್ಲಿ ಕಾಗದದ ಒಂದು ಮಿಲಿಮೀಟರ್ ಅಂದರೆ ನೆಲದ ಒಂದು ಮೀಟರ್. ಅಂಚಿಗೆ, ಶೀರ್ಷಿಕೆಗೆ, ಸೂಚಿಗೆ ಜಾಗ ಬಿಟ್ಟರೂ ಸುಮಾರು 1100 × 760 ಮೀಟರ್ ನೆಲ ಹಿಡಿಸುತ್ತದೆ. ಏರಿ, ತೂಬು, ಕೋಡಿ, ಮೊದಲ ಸಾಲಿನ ಗದ್ದೆಗಳು ಬರಲು ಸಣ್ಣ ಕೆರೆಗೆ ಇಷ್ಟು ಸಾಕು.

‘300 ಡಿಪಿಐ ಇದೆಯಾ?’, ಅಂದರೆ ಇಂಚಿಗೆ 300 ಪಿಕ್ಸೆಲ್ ಇದೆಯಾ ಅಂತ ಮುದ್ರಣದ ಅಂಗಡಿಯಲ್ಲಿ ಕೇಳುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು, ನಕ್ಷೆಯನ್ನು ಎಷ್ಟು ದೂರದಿಂದ ನೋಡುತ್ತಾರೆ ಅಂತ. ಒಳ್ಳೆಯ ಕಣ್ಣು 30 ಸೆಂ.ಮೀ. ದೂರದಲ್ಲಿ 0.09 ಮಿ.ಮೀ. ಅಂತರವನ್ನು ಬೇರೆ ಮಾಡಿ ನೋಡಬಲ್ಲದು. 300 ಅನ್ನುವ ಸಂಖ್ಯೆ ಬಂದದ್ದು ಅಲ್ಲಿಂದ. ಒಂದು ಮೀಟರ್ ದೂರಕ್ಕೆ ಇಂಚಿಗೆ 90 ಪಿಕ್ಸೆಲ್, ಎರಡು ಮೀಟರ್‌ಗೆ 45 ಇದ್ದರೂ ಕಣ್ಣಿಗೆ ಕೊರತೆ ಕಾಣುವುದಿಲ್ಲ. ಹಾಗಾಗಿ ಗ್ರಾಮಸಭೆಯಲ್ಲಿ ಕಟ್ಟುವ ಫ್ಲೆಕ್ಸ್‌ಗೆ 100 ಧಾರಾಳ. ಈ ಹಾಳೆ ಮಾತ್ರ ಮೇಜಿನ ಮೇಲೆ ಹರಡುವಂಥದ್ದು. ರೈತರು ಬಾಗಿ ತಮ್ಮ ಬದುವಿನ ಮೇಲೆ ಬೆರಳಿಟ್ಟು ನೋಡುತ್ತಾರೆ. ಆದ್ದರಿಂದ 300ಕ್ಕೇ ಲೆಕ್ಕ ಹಾಕಿದೆ.

ಲೆಕ್ಕ ಒಂದೇ ಸಾಲಿನದು: ಅಳತೆಯ ಛೇದವನ್ನು 2.54ರಿಂದ (ಒಂದು ಇಂಚಿನ ಸೆಂ.ಮೀ.) ಗುಣಿಸಿ, ಇಂಚಿಗೆ ಬೇಕಾದ ಪಿಕ್ಸೆಲ್ ಸಂಖ್ಯೆಯಿಂದ ಭಾಗಿಸಬೇಕು. 1000 × 2.54 ÷ 300 = 8.47. ಅಂದರೆ ಕಾಗದದ ಒಂದು ಪಿಕ್ಸೆಲ್ ನೆಲದ 8.47 ಸೆಂ.ಮೀ. ಆವರಿಸುತ್ತದೆ. 30 ಸೆಂ.ಮೀ. ಅಗಲದ ಬದುವಿಗೆ ಮೂರೂವರೆ ಪಿಕ್ಸೆಲ್ ಸಿಗುತ್ತದೆ, ಗೆರೆ ತುಂಡಾಗದೆ ಬರುತ್ತದೆ. ಒಂದು ಇಂಚಿನ ಸೆನ್ಸರ್, 20 ಮೆಗಾಪಿಕ್ಸೆಲ್, 8.8 ಮಿ.ಮೀ. ಲೆನ್ಸ್ ಇರುವ ಡ್ರೋನ್ 100 ಮೀಟರ್ ಎತ್ತರದಲ್ಲಿ ಪಿಕ್ಸೆಲ್‌ಗೆ 2.74 ಸೆಂ.ಮೀ. ಕೊಡುತ್ತದೆ. ಬೇಕಾದ್ದಕ್ಕಿಂತ ಮೂರು ಪಟ್ಟು ಸೂಕ್ಷ್ಮ. 60 ಮೀಟರ್‌ಗೆ ಇಳಿಸಿ ಹಾರಿಸಿದರೆ ಬ್ಯಾಟರಿ, ಫೋಟೋ, ಜೋಡಣೆಯ ಹೊತ್ತು ಎಲ್ಲ ಹೆಚ್ಚುತ್ತದೆ, ಈ ಹಾಳೆಯ ಮೇಲೆ ಏನೂ ಹೆಚ್ಚುವುದಿಲ್ಲ.

ಉಪಗ್ರಹ ಚಿತ್ರಕ್ಕೂ ಇದೇ ಲೆಕ್ಕ. ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್ 1:1000ದಲ್ಲಿ ಒಂದು ಸೆಂಟಿಮೀಟರ್‌ನ ಚೌಕವಾಗಿ ಬೀಳುತ್ತದೆ. 1:50,000ದಲ್ಲಾದರೆ ಅದೇ ಪಿಕ್ಸೆಲ್ 0.2 ಮಿ.ಮೀ., ಅಲ್ಲಿ ಚೆನ್ನಾಗಿ ಒಪ್ಪುತ್ತದೆ. ಪರದೆಯ ಸ್ಕ್ರೀನ್‌ಶಾಟ್ ಅಂತೂ ತರಲೇಬಾರದು. ಪರದೆಯ 1920 ಪಿಕ್ಸೆಲ್ ಅನ್ನು ಹಾಳೆಯ 46.8 ಇಂಚು ಉದ್ದಕ್ಕೆ ಎಳೆದರೆ ಇಂಚಿಗೆ 41 ಉಳಿಯುತ್ತದೆ. ಫೋಟೋಶಾಪ್‌ನಲ್ಲಿ 300 ಅಂತ ತುಂಬಿದರೆ ಪಿಕ್ಸೆಲ್ ಹುಟ್ಟುತ್ತವೆ, ಬದು ಹುಟ್ಟುವುದಿಲ್ಲ.

ನಿಜವಾದ ಕಷ್ಟ ಶುರುವಾಗುವುದು ಚಿತ್ರವನ್ನು ಕುಗ್ಗಿಸುವಾಗ. 2.74ರಿಂದ 8.47ಕ್ಕೆ ಬರುವಾಗ ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್ ತಾನಾಗಿ ಹಿಡಿಯುವ ವಿಧಾನ ‘ನಿಯರೆಸ್ಟ್ ನೇಬರ್’. ಅದು ಮೂರು ಪಿಕ್ಸೆಲ್‌ನಲ್ಲಿ ಒಂದನ್ನು ಹೆಕ್ಕಿ ಉಳಿದವನ್ನು ಬಿಟ್ಟುಬಿಡುತ್ತದೆ. ಪರಿಣಾಮ ನೋಡಬೇಕಾದರೆ ತಗಡಿನ ಶೀಟಿನ ಚಾವಣಿ ನೋಡಿ. ಶೀಟಿನ ಏಣುಗಳ ನಡುವಿನ ಅಂತರ ಸುಮಾರು 7.6 ಸೆಂ.ಮೀ., ಹೆಕ್ಕುವ ಅಂತರ 8.47. ಎರಡೂ ಹತ್ತಿರ ಹತ್ತಿರ ಇರುವುದರಿಂದ ತಾಳ ತಪ್ಪಿ, ಮುಕ್ಕಾಲು ಮೀಟರ್‌ಗೊಂದರಂತೆ ಕಪ್ಪು–ಬಿಳಿ ಪಟ್ಟೆಗಳು ಮೂಡುತ್ತವೆ. ಅಂಥ ಪಟ್ಟೆ ಆ ಚಾವಣಿಯಲ್ಲಿ ಇಲ್ಲವೇ ಇಲ್ಲ. ನೋಡಿದವರು ಪ್ಲಾಟರ್ (ದೊಡ್ಡ ಹಾಳೆಯ ಮುದ್ರಣಯಂತ್ರ) ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇದಕ್ಕೆ ನಕ್ಷೆಚಿತ್ರಗಳನ್ನು ಬದಲಿಸುವ ತಂತ್ರಾಂಶ ಜಿಡಾಲ್‌ನ ವಾರ್ಪ್ ಆಜ್ಞೆಯಲ್ಲಿ ಪಿಕ್ಸೆಲ್ ಅಳತೆ 0.0847 ಮೀಟರ್, ವಿಧಾನ ‘ಆವರೇಜ್’ ಅಂತ ಕೊಟ್ಟು ಮೊದಲೇ ಕುಗ್ಗಿಸಿಟ್ಟುಕೊಳ್ಳುತ್ತೇನೆ. ಆಮೇಲೆ ಕ್ಯೂಜಿಐಎಸ್‌ನಲ್ಲಿ ಆ ಲೇಯರ್‌ನ ರೀಸ್ಯಾಂಪ್ಲಿಂಗ್ ಅನ್ನು, ಅಂದರೆ ಪಿಕ್ಸೆಲ್ ಮರುಲೆಕ್ಕ ಹಾಕುವ ವಿಧಾನವನ್ನು, ಸುತ್ತಲಿನ ಪಿಕ್ಸೆಲ್‌ಗಳನ್ನೂ ಗಣಿಸುವ ಕ್ಯೂಬಿಕ್‌ಗೆ ಬದಲಿಸುತ್ತೇನೆ. ಹಾಳೆಯ ಗ್ರಿಡ್ ಅರ್ಧ ಪಿಕ್ಸೆಲ್ ಸರಿದರೂ ಗೆರೆ ಮುರಿಯಬಾರದಲ್ಲ. ಸರಾಸರಿಯಿಂದ ಬಂದ ಮಂಕಿಗೆ ಒಂದು ಪಿಕ್ಸೆಲ್ ತ್ರಿಜ್ಯದಲ್ಲಿ ಹಗುರಾಗಿ ಶಾರ್ಪನ್. ಜಾಸ್ತಿಯಾದರೆ ತೆಂಗಿನ ಗರಿಗಳ ಸುತ್ತ ಬಿಳಿ ಅಂಚು ಬರುತ್ತದೆ.

ಅದೇ ವಾರ್ಪ್ ಆಜ್ಞೆಯಲ್ಲಿ ಪ್ರಕ್ಷೇಪವನ್ನೂ, ಅಂದರೆ ದುಂಡನೆಯ ಭೂಮಿಯನ್ನು ಸಪಾಟು ಹಾಳೆಗೆ ಇಳಿಸುವ ವಿಧಾನವನ್ನೂ, ಸರಿಮಾಡಿಕೊಳ್ಳಬೇಕು. ಆನ್‌ಲೈನ್ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲಿಟ್ಟು ಮುದ್ರಿಸಿದರೆ ಚಿತ್ರದುರ್ಗದ ಅಕ್ಷಾಂಶದಲ್ಲಿ ಉದ್ದ ಸುಮಾರು 3% ಹೆಚ್ಚು ಬರುತ್ತದೆ. 500 ಮೀಟರ್ ಏರಿಗೆ ಅದು 15 ಮೀಟರ್ ತಪ್ಪು. ಬದಲಿಗೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ಪ್ರಕ್ಷೇಪ ಬಳಸಬೇಕು. ಕರ್ನಾಟಕದ ಬಹುಭಾಗಕ್ಕೆ ಯುಟಿಎಂ ವಲಯ 43 ಉತ್ತರ, ತಂತ್ರಾಂಶದಲ್ಲಿ ಕೊಡುವ ಇಪಿಎಸ್‌ಜಿ ಸಂಕೇತ 32643. ಕೋಲಾರದ ಕಡೆ 78° ರೇಖಾಂಶ ದಾಟಿದರೆ 44, ಅಂದರೆ 32644.

ಕೆರೆಯಲ್ಲಿ ನೀರಿದ್ದರೆ ಅದು ಬೇರೆಯದೇ ಸಮಸ್ಯೆ. ಅಲೆ ಅಲುಗಾಡುತ್ತಿರುವುದರಿಂದ ಎರಡು ಫೋಟೋಗಳಲ್ಲಿ ಹೊಂದುವ ಬಿಂದುಗಳು ಸಿಗುವುದಿಲ್ಲ. ಜೋಡಿಸಿದ ಚಿತ್ರ ನಡುನೀರಿನಲ್ಲಿ ಹರಿದು, ಬಿಸಿಲಿನ ಮಿಂಚು ಅಲ್ಲಲ್ಲಿ ತೇಪೆಯಾಗಿ ಕಾಣುತ್ತದೆ. ದಡದ ಗೆರೆಯನ್ನು ಕೈಯಲ್ಲಿ ಎಳೆದು ಒಳಗೆ ಸಪಾಟು ನೀಲಿ ತುಂಬುತ್ತೇನೆ. ಹಾಗೆ ತುಂಬಿದ್ದು ಅಂತ ಸೂಚಿಯಲ್ಲಿ ಬರೆಯುವುದು ಕಡ್ಡಾಯ.

ಸರ್ವೆ ನಂಬರ್, ಗಡಿಗೆರೆ, ಹೆಸರುಗಳನ್ನು ಚಿತ್ರದೊಳಗೆ ಬೆರೆಸಬಾರದು. ಪಿಡಿಎಫ್‌ನಲ್ಲಿ ಅವು ವೆಕ್ಟರ್ ಆಗಿಯೇ, ಅಂದರೆ ಪಿಕ್ಸೆಲ್ ಆಗದೆ ಗೆರೆಗಳಾಗಿಯೇ ಉಳಿಯಲಿ. ಹಿಂದಿನ ಚಿತ್ರ ಸ್ವಲ್ಪ ಮೆತ್ತಗಿದ್ದರೂ ಚೂಪಾದ ಅಕ್ಷರ ಇಡೀ ಹಾಳೆಯನ್ನು ಎತ್ತಿ ನಿಲ್ಲಿಸುತ್ತದೆ. ಲೇಯರ್‌ಗಳ ಬಣ್ಣ ಬೆರೆಸುವ ಬ್ಲೆಂಡ್ ಮೋಡ್ ಬಳಸಿದರೆ ಕ್ಯೂಜಿಐಎಸ್ ಅವನ್ನೂ ಚಿತ್ರವಾಗಿಸಿಬಿಡಬಹುದು, ಹಾಗಾಗಿ ರಫ್ತಾದ ಕಡತವನ್ನು 800% ಹಿಗ್ಗಿಸಿ ಒಂದು ಅಕ್ಷರದ ಅಂಚು ನೋಡಿಯೇ ಮುಂದೆ ಹೋಗುವುದು. ಕಡತವನ್ನು ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಕೊಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಮಾಡಿದ ಲೆಕ್ಕವೆಲ್ಲ ಅಲ್ಲೇ ಮುಗಿಯಿತು.

ಡ್ರೋನ್ ಚಿತ್ರದಲ್ಲಿ ಬಿಳಿ ಜಾಗ ಎಂಬುದೇ ಇಲ್ಲ, ಹಾಳೆ ತುಂಬ ಶಾಯಿ. 80 ಜಿಎಸ್‌ಎಂ (ಚದರ ಮೀಟರ್‌ಗೆ ಗ್ರಾಂ ತೂಕ) ಬಾಂಡ್ ಪೇಪರ್ ನೆನೆದು ಅಲೆಯಾಗುತ್ತದೆ, ಶಾಯಿ ಹರಡಿ ಬದು ದಪ್ಪಗಾಗುತ್ತದೆ. ಕೋಟಿಂಗ್ ಇರುವ, 170 ಜಿಎಸ್‌ಎಂ ಆಸುಪಾಸಿನ ಮ್ಯಾಟ್ ಕಾಗದ ಹಿಡಿಸಿತು. ಹೊಳಪಿನ ಕಾಗದದಲ್ಲಿ ಬಣ್ಣ ಚೆಂದ, ಆದರೆ ಮೇಜಿನ ಮೇಲೆ ಟ್ಯೂಬ್‌ಲೈಟ್ ಪ್ರತಿಫಲಿಸಿ ಅರ್ಧ ನಕ್ಷೆ ಕಾಣುವುದಿಲ್ಲ. ಪರದೆಯಲ್ಲಿ ಮರ ಮರ ಬಿಡಿಯಾಗಿ ಕಾಣುವ ಅಡಿಕೆ ತೋಟ ಕಾಗದದಲ್ಲಿ ಕಪ್ಪು ಮುದ್ದೆಯಾಗುತ್ತದೆ. ನಡುಛಾಯೆಗಳನ್ನು ಬೆಳಗಿಸುವ ಗಾಮಾವನ್ನು 1.15ರಿಂದ 1.2ರವರೆಗೆ ಎತ್ತಿದರೆ ನೆರಳಿನೊಳಗಿನ ಸಾಲು ಮತ್ತೆ ಹೊರಬರುತ್ತದೆ. ಎ0 ಹಾಕಿಸುವ ಮೊದಲು ಅತಿ ಕಪ್ಪಾದ ತೋಟ, ಒಂದು ತಗಡಿನ ಚಾವಣಿ, ಒಂದು ಬದು ಬರುವ ಹಾಗೆ ಎ4 ತುಂಡನ್ನು ಅದೇ ಪ್ಲಾಟರ್‌ನಲ್ಲಿ, ಅದೇ ಕಾಗದದಲ್ಲಿ ತೆಗೆಸಿ, ಬಿಸಿಲಿಗೊಮ್ಮೆ ದೀಪಕ್ಕೊಮ್ಮೆ ಹಿಡಿದು ನೋಡುತ್ತೇನೆ.

ಪ್ಲಾಟರ್‌ನ 2400 ಅಥವಾ 1200 ಡಿಪಿಐ ಶಾಯಿ ಹನಿಗಳ ಲೆಕ್ಕ. ಒಂದು ಪಿಕ್ಸೆಲ್‌ನ ಬಣ್ಣಕ್ಕೆ ಹಲವು ಹನಿ ಬೇಕು. ಆ ಸಂಖ್ಯೆ ನೋಡಿ ಕಡತ ದೊಡ್ಡದು ಮಾಡಬೇಕಿಲ್ಲ. ನೋಡಬೇಕಾದದ್ದು ‘ಫಿಟ್ ಟು ಪೇಜ್’ ತೆಗೆದು 100% ಇದೆಯೇ ಅನ್ನುವುದನ್ನು. ಹಾಳೆ ಹೊರಬಂದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಅಳೆಯುವುದಕ್ಕಾಗಿಯೇ ಅಡ್ಡಕ್ಕೊಂದು ಉದ್ದಕ್ಕೊಂದು 500 ಮೀಟರ್ ಅಳತೆಪಟ್ಟಿ ಹಾಕಿರುತ್ತೇನೆ. ಎರಡೂ 50 ಸೆಂ.ಮೀ. ಇರಬೇಕು. ರೋಲ್ ಸಾಗುವ ದಿಕ್ಕಿನದು ಮಾತ್ರ ಒಂದು ಮಿಲಿಮೀಟರ್‌ಗಿಂತ ಹೆಚ್ಚು ತಪ್ಪಿದ್ದರೆ ತಪ್ಪು ಕಡತದ್ದಲ್ಲ, ಕಾಗದ ಎಳೆಯುವ ರೋಲರ್‌ನದು. ಫೀಡ್ ಕ್ಯಾಲಿಬ್ರೇಷನ್ ಮಾಡಿಸಿ ಮತ್ತೊಮ್ಮೆ ತೆಗೆಸಬೇಕು.