ಗುರಿ ಮೊದಲು, ಸ್ಲೈಡ್ ಆಮೇಲೆ

ನಾನು ಆನ್‌ಲೈನ್‌ನಲ್ಲಿ ಭಿನ್ನರಾಶಿ ಕಲಿಸುತ್ತೇನೆ. ಹೊಸ ಘಟಕ ಶುರು ಮಾಡುವಾಗ ಸ್ಲೈಡ್ ಮುಟ್ಟುವುದೇ ಇಲ್ಲ. ಘಟಕ ಮುಗಿದ ಮೇಲೆ ಮಕ್ಕಳು ಏನು ಮಾಡಿ ತೋರಿಸಬೇಕು? ಮೊದಲು ಅದನ್ನು ಬರೆದಿಡುತ್ತೇನೆ.

‘ಭಿನ್ನರಾಶಿ ಅರ್ಥವಾಗುತ್ತದೆ’ ಎಂದು ಸುಮ್ನೆ ಬರೆದರೆ ಸಾಲದು. ಅರ್ಥವಾಗಿದ್ದು ಪರದೆಯಲ್ಲಿ ಕಾಣುವುದಿಲ್ಲ, ಅಲ್ವಾ? ‘1/2 ಮತ್ತು 1/3 ಕೂಡಿಸಿ, ಛೇದ ಯಾಕೆ ಒಂದೇ ಆಗಬೇಕೆಂದು ಚಿತ್ರ ಬರೆದು ವಿವರಿಸುತ್ತಾರೆ’ ಎಂದು ಬರೆಯಿರಿ. ಇದನ್ನು ನೋಡಬಹುದು, ತಿದ್ದಬಹುದು. ಸರಿಯಾದ ಕ್ರಿಯಾಪದ ಹೊಳೆಯದಿದ್ದರೆ ಬ್ಲೂಮ್ ವರ್ಗೀಕರಣದ, ಅಂದರೆ ಕಲಿಕೆಯ ಗುರಿಗಳನ್ನು ಸರಳದಿಂದ ಕಠಿಣದವರೆಗೆ ಜೋಡಿಸಿದ ಪಟ್ಟಿಯ, ಆರು ಹಂತ ನೋಡಿ. ನನಗೆ 2001ರ ಪರಿಷ್ಕೃತ ರೂಪವೇ ಇಷ್ಟ. ಅಲ್ಲಿ ಹಂತಗಳೇ ಕ್ರಿಯಾಪದಗಳು.

ಘಟಕಕ್ಕೆ ಮೂರು ಗುರಿ ಸಾಕು. ಪ್ರತಿ ಗುರಿಗೂ ಒಂದು ಪ್ರಶ್ನೆ ಬರೆದುಕೊಳ್ಳಿ. ವೀಡಿಯೊ ಕೊನೆಗೆ. ಯಾವ ಗುರಿಗೂ ಸೇರದ ವೀಡಿಯೊ ಎಷ್ಟೇ ಚೆನ್ನಾಗಿದ್ದರೂ ತೆಗೆದುಬಿಡಿ.