ಮರೆವಿಗೆ ರಕ್ತ ಪರೀಕ್ಷೆ: ಮುಂಬೈ ಕ್ಲಿನಿಕ್ಕಿನಲ್ಲಿ ನಾನು ಮಾಡುವ ರೀತಿ

ಮಾಟುಂಗಾದ ನನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳು, ಸೊಸೆಯಂದಿರು ಈಗ ಮೊದಲು ಕೇಳುವುದೇ ಇದನ್ನು: "ಡಾಕ್ಟ್ರೇ, ಅಲ್ಝೈಮರ್ಸ್‌ಗೆ ರಕ್ತ ಪರೀಕ್ಷೆ ಬಂದಿದೆಯಂತಲ್ಲ, ಬರೆದುಕೊಡ್ತೀರಾ?" ಬಂದಿರುವುದು ನಿಜ. ನಾನು ಬರೆದುಕೊಡುವುದೂ ಉಂಟು. ಆದರೆ ಅದರ ಸರದಿ ಕೊನೆಗೆ. ಮೊದಲು ಮಾತು, ಆಮೇಲೆ ನೆನಪಿನ ಪರೀಕ್ಷೆ, ಆಮೇಲೆ ಪಕ್ಕದ ಲ್ಯಾಬಿನಲ್ಲೇ ಆಗುವ ಸಾಮಾನ್ಯ ರಕ್ತ ಪರೀಕ್ಷೆಗಳು. ಈ ಕ್ರಮವನ್ನು ನಾನು ಬದಲಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

ನಾನು ನರರೋಗ ವೈದ್ಯೆ. ಡೊಂಬಿವ್ಲಿ, ಮುಲುಂಡ್, ಗೋರೆಗಾಂವ್ ಕಡೆಯ ಕನ್ನಡದವರೇ ನನ್ನಲ್ಲಿಗೆ ಜಾಸ್ತಿ ಬರುತ್ತಾರೆ. ಜೊತೆಗೆ ಬಂದವರನ್ನು ಮೊದಲು ಬೇರೆ ಕೂರಿಸಿ ಮಾತಾಡುತ್ತೇನೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ನನಗೆ ಅಷ್ಟು ದೊಡ್ಡ ವಿಷಯವಲ್ಲ. ಆದರೆ ವರ್ಷಗಟ್ಟಲೆ ಹೋಟೆಲಿನ ಗಲ್ಲಾದಲ್ಲಿ ಕೂತು ಬಾಯಲ್ಲೇ ಬಿಲ್ಲು ಕೂಡಿಸುತ್ತಿದ್ದವರು ಐನೂರರ ನೋಟಿಗೆ ಚಿಲ್ಲರೆ ಕೊಡಲು ತಡವರಿಸಿದರೆ ನಾನು ಪೆನ್ನು ಎತ್ತಿಕೊಳ್ಳುತ್ತೇನೆ. ದಾದರ್‌ನಲ್ಲಿ ಇಳಿದು ಯಾವ ಕಡೆಯ ಗಾಡಿ ಹತ್ತಬೇಕು ಅಂತ ತಿಳಿಯದೆ ನಿಂತುಬಿಟ್ಟರು ಅಂದರೂ ಅಷ್ಟೇ. ಇದು ನಿಧಾನವಾಗಿ ಬಂತೋ, ಎರಡು ವಾರದಲ್ಲಿ ಬಂತೋ ಅಂತ ಕೇಳುತ್ತೇನೆ. ಬೇಗ ಬಂದಿದ್ದರೆ ಹುಡುಕುವ ದಾರಿಯೇ ಬೇರೆ. ಬಿದ್ದು ತಲೆಯೊಳಗೆ ರಕ್ತ ಸೇರಿರಬಹುದು, ಮೂತ್ರದ ಸೋಂಕು ಆಗಿರಬಹುದು.

ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡುತ್ತೇನೆ. ಮುಂಬೈಯಲ್ಲಿ ಇದು ತುಂಬ ಮುಖ್ಯ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಪ್ರಶ್ನೆ ಕೇಳಿಸಿಕೊಂಡು ಕಡಿಮೆ ಅಂಕ ಪಡೆದು ಬಂದ ಹಿರಿಯರನ್ನು ನಾನು ನೋಡಿದ್ದೇನೆ. ಅವರೇ ಕನ್ನಡದಲ್ಲಿ ಕೇಳಿದಾಗ ಒಂದು ನಿಮಿಷದಲ್ಲಿ ಪಟಪಟನೆ ತರಕಾರಿ ಹೆಸರು ಹೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳ ಗುಂಪು ಐದು ಭಾಷೆಗಳಲ್ಲಿದೆ, ಕನ್ನಡ ಅದರಲ್ಲೊಂದು. ಓದಿನ ಲೆಕ್ಕವನ್ನೂ ಇಡಬೇಕು. ಹುಡುಗನಾಗಿ ಊರು ಬಿಟ್ಟು ಬಂದು, ಹಗಲು ಹೋಟೆಲ್ ಕೆಲಸ, ರಾತ್ರಿ ಶಾಲೆ ಅಂತ ಕಲಿತವರಿಗೆ ಪದವೀಧರರ ಅಳತೆ ಹಿಡಿಯಬಾರದು. ಯಾವ ತಿಂಗಳು ಅಂದರೆ ತುಳು ತಿಂಗಳ ಹೆಸರು ಹಿಡಿದು "ಆಟಿ" ಎನ್ನುವ ಅಮ್ಮಂದಿರಿಗೂ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆಮೇಲೆ ಸಾಮಾನ್ಯ ರಕ್ತ ಪರೀಕ್ಷೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಡುವ ಹಂತ ಇದು. ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ, ಕಿಡ್ನಿ, ಲಿವರ್, ಹಿಮೋಗ್ಲೋಬಿನ್. ಅಗತ್ಯ ಕಂಡರೆ ಎಚ್‌ಐವಿ, ಸಿಫಿಲಿಸ್ ಕೂಡ. ಮರೆವು ತರುವ ಎಷ್ಟೋ ತೊಂದರೆಗಳು ಇಲ್ಲೇ ಸಿಗುತ್ತವೆ, ಅವುಗಳಿಗೆ ಔಷಧಿಯೂ ಇದೆ.

ಒಬ್ಬ ಅಮ್ಮನ ವಿಷಯ ಹೇಳಬೇಕು. ಶುದ್ಧ ಸಸ್ಯಾಹಾರಿ. ಸಕ್ಕರೆ ಕಾಯಿಲೆಗೆ ಬಹಳ ವರ್ಷದಿಂದ ಮೆಟ್‌ಫಾರ್ಮಿನ್. ಬೆಳಿಗ್ಗೆ ಎದ್ದ ಕೂಡಲೇ ಅಸಿಡಿಟಿ ಮಾತ್ರೆ. ಈ ಮೂರೂ ಬಿ12 ಇಳಿಸುವಂಥವೇ: ಸಸ್ಯಾಹಾರದಲ್ಲಿ ಅದು ಸಿಗುವುದೇ ಕಡಿಮೆ, ಮೆಟ್‌ಫಾರ್ಮಿನ್ ಹೀರಿಕೊಳ್ಳಲು ಬಿಡುವುದಿಲ್ಲ, ಹೊಟ್ಟೆಯ ಆಮ್ಲ ಕಡಿಮೆಯಾದರೆ ಆಹಾರದಿಂದ ಅದು ಬಿಡಿಸಿಕೊಳ್ಳುವುದೂ ಇಲ್ಲ. ಒಲೆ ಮೇಲೆ ಹಾಲಿಟ್ಟು ಮರೆಯುತ್ತಿದ್ದರು, ಕಾಲು ಜೋಮು ಹಿಡಿಯುತ್ತಿತ್ತು. ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಶುರು ಮಾಡಿದೆವು. ಕೆಲವು ತಿಂಗಳಲ್ಲಿ ಅವರು ಮತ್ತೆ ಅಡುಗೆಮನೆ ವಹಿಸಿಕೊಂಡರು. ಎಲ್ಲರಿಗೂ ಹೀಗೆ ಆಗುವುದಿಲ್ಲ. ಬಿ12 ಕೊರತೆಯೂ ಅಲ್ಝೈಮರ್ಸೂ ಒಟ್ಟಿಗೆ ಇರುವವರಿದ್ದಾರೆ. ಆದರೂ ಸುಲಭವಾಗಿ ಸರಿಯಾಗುವುದನ್ನು ಮೊದಲು ಸರಿಮಾಡಬೇಕು, ಅಲ್ವಾ?

ಸೋಡಿಯಂ ಕೂಡ ಹಾಗೆಯೇ. ಬಿಪಿಗೆ ಕೊಡುವ ಕೆಲವು ನೀರಿನ ಮಾತ್ರೆಗಳು (ಮೂತ್ರ ಹೆಚ್ಚಿಸುವಂಥವು) ಅದನ್ನು ಇಳಿಸಿ ವಯಸ್ಸಾದವರಿಗೆ ಗಲಿಬಿಲಿ ತರುತ್ತವೆ. ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳಿಂದಲೂ ಮಂಕು ಬರುತ್ತದೆ. ಇದೆಲ್ಲದರ ಜೊತೆಗೆ ಮಿದುಳಿನ ಒಂದು ಎಂಆರ್‌ಐ ಸ್ಕ್ಯಾನ್ ಕೂಡ ಮಾಡಿಸುತ್ತೇನೆ.

ಇಷ್ಟಾದ ಮೇಲೂ ಅಲ್ಝೈಮರ್ಸ್ ಅನುಮಾನ ಉಳಿದರೆ ಮಕ್ಕಳು ಕೇಳುವ ಆ ಹೊಸ ರಕ್ತ ಪರೀಕ್ಷೆ, ಪಿ-ಟಾವ್ 217, ಬರೆಯುತ್ತೇನೆ. ಈ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನ ನರಕೋಶಗಳ ನಡುವೆ ಜಮಾ ಆಗುತ್ತದೆ. ಮರೆವು ಕಾಣಿಸುವ 15-20 ವರ್ಷ ಮೊದಲೇ ಅದು ಶುರುವಾಗಿರುತ್ತದೆ. ಆಗ ಟಾವ್ ಎಂಬ ಇನ್ನೊಂದು ಪ್ರೋಟೀನಿನ 217ನೇ ಜಾಗದಲ್ಲಿ ಫಾಸ್ಫೇಟ್ ಅಂಟುವುದು ಹೆಚ್ಚಾಗುತ್ತದೆ. ಅದರ ಚೂರು ರಕ್ತದಲ್ಲೂ ಸಿಗುತ್ತದೆ. ಅಳೆಯುವುದು ಪಿಕೋಗ್ರಾಂನಲ್ಲಿ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವಷ್ಟು! ಮೊದಲು ಇದನ್ನು ತಿಳಿಯಲು ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆಯಬೇಕಿತ್ತು, ಇಲ್ಲವೇ ಮಿದುಳಿನ ಅಮಿಲಾಯ್ಡನ್ನು ಚಿತ್ರದಲ್ಲಿ ತೋರಿಸುವ ಪೆಟ್ ಸ್ಕ್ಯಾನ್ ಆಗಬೇಕಿತ್ತು. ಬೆನ್ನಿನ ಸೂಜಿ ಅಂದ ಕೂಡಲೇ ಮನೆಯವರು ಎದ್ದು ಹೊರಡುತ್ತಿದ್ದರು.

2025ರ ಮೇನಲ್ಲಿ ಔಷಧಿ, ಪರೀಕ್ಷೆಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಇಂಥ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದು ಪಿ-ಟಾವ್ 217 ಮತ್ತು ಅಮಿಲಾಯ್ಡಿನ ಒಂದು ಬಗೆಯಾದ ಅಮಿಲಾಯ್ಡ್ 42, ಇವೆರಡರ ಅನುಪಾತ ನೋಡುತ್ತದೆ. 499 ಜನರ ಮಾದರಿಗಳಲ್ಲಿ ಪಾಸಿಟಿವ್ ಬಂದವರ ಪೈಕಿ ಶೇ. 91.7 ಮಂದಿಗೆ ಪೆಟ್ ಅಥವಾ ಬೆನ್ನಿನ ನೀರಿನಲ್ಲೂ ಅಮಿಲಾಯ್ಡ್ ಇರುವುದು ಖಚಿತವಾಯಿತು. ನೆಗೆಟಿವ್ ಬಂದವರಲ್ಲಿ ಶೇ. 97.3 ಮಂದಿಗೆ ಇಲ್ಲವೆಂದು ಖಚಿತವಾಯಿತು. ಆದರೆ ಶೇ. 20ಕ್ಕಿಂತ ಸ್ವಲ್ಪ ಕಡಿಮೆ ಜನರದ್ದು ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಫಲಿತಾಂಶ ಮಧ್ಯದಲ್ಲಿ ಬರಬಹುದು ಅಂತ ನಾನು ರಕ್ತ ತೆಗೆಯುವ ಮೊದಲೇ ಹೇಳಿಡುತ್ತೇನೆ.

ರಿಪೋರ್ಟ್ ಓದುವಾಗ ಪಕ್ಕದಲ್ಲಿ ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಅಂಕೆ ಇರಲೇಬೇಕು. ಕಿಡ್ನಿ ಕೆಲಸ ಕಡಿಮೆ ಇದ್ದವರಲ್ಲಿ ಪಿ-ಟಾವ್ ಸುಮ್ನೆ ಏರಿರುತ್ತದೆ. ಮೈತೂಕ ತುಂಬ ಜಾಸ್ತಿ ಇದ್ದರೆ ಇಳಿದು ಕಾಣಬಹುದು. ಲ್ಯಾಬಿನವರನ್ನೂ ಕೇಳುತ್ತೇನೆ: ರಕ್ತವನ್ನು ಎಷ್ಟು ಬೇಗ ಯಂತ್ರದಲ್ಲಿ ತಿರುಗಿಸಿ ಅದರ ತಿಳಿ ಭಾಗವಾದ ಪ್ಲಾಸ್ಮಾ ಬೇರೆ ಮಾಡುತ್ತೀರಿ, ತಣ್ಣಗೆ ಸಾಗಿಸುತ್ತೀರಾ? ಮುಂಬೈಯ ಮೇ ತಿಂಗಳ ಸೆಕೆಯಲ್ಲಿ ಮಾದರಿ ಸ್ಕೂಟರ್ ಡಿಕ್ಕಿಯಲ್ಲಿ ಕಾಯುತ್ತಾ ಕೂತರೆ ಅದರ ಅಂಕೆಯನ್ನು ನಾನು ನಂಬಲಾರೆ.

"ನನ್ನ ಅಮ್ಮನಿಗಿತ್ತು, ನನಗೂ ಮಾಡಿಸಿ" ಎನ್ನುವ ನಲವತ್ತೈದರ ಮಕ್ಕಳಿಗೆ ಇದನ್ನು ಬರೆಯುವುದಿಲ್ಲ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ಮರೆವು ಬಾರದವರು ಇದ್ದಾರೆ. ಲಕ್ಷಣ ಇಲ್ಲದವರಿಗೆ ಈ ಪರೀಕ್ಷೆ ಮಾಡಬೇಡಿ ಅಂತ ತಜ್ಞರೂ ಹೇಳುತ್ತಾರೆ. ಅವರಿಗೆ ನಾನು ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿ, ಕಿವಿ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಇಂಥ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಸುಮಾರು ಶೇ. 45ರಷ್ಟು ಡಿಮೆನ್ಶಿಯಾ (ಅಲ್ಝೈಮರ್ಸ್ ಸೇರಿ ಎಲ್ಲ ಬಗೆಯ ಮರೆವಿನ ಕಾಯಿಲೆ) ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದಿದೆ.

ಪಾಸಿಟಿವ್ ಬಂದರೆ? "ಅಪ್ಪನಿಗೆ ಹೇಳೋದು ಬೇಡ ಡಾಕ್ಟ್ರೇ" ಅಂತ ಮಕ್ಕಳು ಕೈ ಹಿಡಿಯುತ್ತಾರೆ. ಅದಕ್ಕೇ ರಕ್ತ ತೆಗೆಯುವ ಮೊದಲೇ ಅಪ್ಪನನ್ನೇ ಕೇಳಿರುತ್ತೇನೆ, "ನಿಮಗೆ ತಿಳೀಬೇಕಾ?" ಅಂತ. ಹೆಚ್ಚಿನವರು ಹೌದು ಎನ್ನುತ್ತಾರೆ. ಅವರ ಬುದ್ಧಿ ಇನ್ನೂ ನೆಟ್ಟಗಿರುವಾಗಲೇ ವಿಲ್ ಬರೆಯಬೇಕು, ಬ್ಯಾಂಕಿನ ಖಾತೆಗೆ ಜೊತೆ ಹೆಸರು ಸೇರಿಸಬೇಕು, ಊರಿನ ಜಾಗ ಯಾರಿಗೆ ಅಂತ ಅವರ ಬಾಯಿಂದಲೇ ಬರಬೇಕು. ಬೇಗ ತಿಳಿದುಕೊಳ್ಳುವುದರ ದೊಡ್ಡ ಲಾಭ ನನ್ನ ಪ್ರಕಾರ ಇದೇ. ಡೊನೆಪೆಝಿಲ್‌ನಂಥ ಮಾತ್ರೆ ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಮಾಡುತ್ತದೆ. ಅಮಿಲಾಯ್ಡ್ ತೆಗೆಯುವ ಲೆಕಾನೆಮ್ಯಾಬ್‌ನಂಥ ಹೊಸ ಔಷಧಿಗಳು ಶುರುವಿನ ಹಂತದವರಿಗೆ ಮಾತ್ರ. ಕಾಯಿಲೆಯ ವೇಗ ಸ್ವಲ್ಪ ತಗ್ಗುತ್ತದೆ, ಗುಣವಾಗುವುದಿಲ್ಲ. ಮಿದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ.

ನೆಗೆಟಿವ್ ಬಂದರೆ ಡಿಮೆನ್ಶಿಯಾ ಇಲ್ಲವೆಂದಲ್ಲ. ರಕ್ತನಾಳದ ತೊಂದರೆಯಿಂದ ಬರುವ ಡಿಮೆನ್ಶಿಯಾ, ಬೇರೊಂದು ಪ್ರೋಟೀನ್ ಮಿದುಳಿನಲ್ಲಿ ಸೇರಿ ಬರುವ ಲೆವಿ ಬಾಡಿ ಡಿಮೆನ್ಶಿಯಾ ಈ ಪರೀಕ್ಷೆಗೆ ಸಿಗುವುದಿಲ್ಲ. ಖಿನ್ನತೆಯೂ ಸಿಗುವುದಿಲ್ಲ. ಹಾಗಾಗಿ ಹುಡುಕಾಟ ಮುಂದುವರಿಸುತ್ತೇನೆ.

ಬರುವವರು ಒಂದಿಷ್ಟು ತಯಾರಿ ಮಾಡಿಕೊಂಡು ಬಂದರೆ ಒಳ್ಳೆಯದು. ಮನೆಯಲ್ಲಿರುವ ಎಲ್ಲ ಮಾತ್ರೆ, ಆಯುರ್ವೇದದ್ದು ಕೂಡ, ಚೀಲಕ್ಕೆ ಹಾಕಿ ತನ್ನಿ. ಹಳೆಯ ರಿಪೋರ್ಟು, ಕನ್ನಡಕ, ಕಿವಿಯ ಮಷಿನ್ ಮರೆಯಬೇಡಿ. ಊರಿಂದ ಫೋನಿನಲ್ಲಿ ವಿಚಾರಿಸುವವರಿಗಿಂತ ದಿನಾ ಅವರ ಜೊತೆ ಊಟ ಮಾಡುವವರು ಬರಬೇಕು.