ಘಾಟಿ ಇಳಿದ ಚಕ್ರಗಳ ಕಪ್ಪು: ಬ್ರೇಕ್ ಧೂಳಿನೊಂದಿಗೆ ನನ್ನ ಅನುಭವ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಬಂದ ಕಾರಿನ ಮುಂದಿನ ಚಕ್ರವನ್ನು ಬೆರಳಿನಿಂದ ಸವರಿದರೆ ಕೈಗೆ ಹತ್ತುವುದು ಬರಿಯ ರಸ್ತೆಯ ಧೂಳಲ್ಲ. ನಮ್ಮ ಕಡೆಯ ರಸ್ತೆಯ ಧೂಳು ಕೆಂಪಗೋ ಕಂದಾಗಿಯೋ ಇರುತ್ತದೆ, ನೀರು ಬಿದ್ದೊಡನೆ ಹರಿದುಹೋಗುತ್ತದೆ. ಇದು ಕಪ್ಪು ಬೆರೆತ ಬೂದು ಬಣ್ಣದ್ದು, ಮುಟ್ಟಿದರೆ ಪೆನ್ಸಿಲ್ಲಿನ ಸೀಸದಂತೆ ನುಣ್ಣಗಿರುತ್ತದೆ, ನೀರು ಹಾಯಿಸಿದರೂ ಚಕ್ರದ ಕಡ್ಡಿಗಳ ಮೂಲೆಗಳಲ್ಲಿ ಹಾಗೆಯೇ ಉಳಿದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕೆಲಸ, ಬೆಳ್ತಂಗಡಿ ತಾಲ್ಲೂಕಿನಲ್ಲಿ ಮನೆಯವರು ಎನ್ನುವ ಸ್ಥಿತಿಯಲ್ಲಿರುವ ನನ್ನ ಕಾರು ಒಂದು ತುದಿಯಲ್ಲಿ ಸಿಗ್ನಲ್‌ಗಳ ನಡುವೆ, ಇನ್ನೊಂದು ತುದಿಯಲ್ಲಿ ಘಾಟಿಯ ತಿರುವುಗಳಲ್ಲಿ ಬ್ರೇಕ್ ತಿನ್ನುತ್ತದೆ. ನಡುವಿನ ಹಾಸನದ ಹೆದ್ದಾರಿಯಲ್ಲಿ ಚಕ್ರಗಳಿಗೆ ಅಷ್ಟೇನೂ ಧೂಳು ಕೂರುವುದಿಲ್ಲ.

ಈ ಧೂಳು ಏನೆಂದು ತಿಳಿದರೆ ಅದನ್ನು ತೆಗೆಯುವ ದಾರಿಯೂ ತಾನಾಗಿ ಸ್ಪಷ್ಟವಾಗುತ್ತದೆ. ಬ್ರೇಕಿನ ಡಿಸ್ಕ್ ಎಂದರೆ ಚಕ್ರದೊಂದಿಗೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಅದನ್ನು ಎರಡೂ ಬದಿಯಿಂದ ಅದುಮಿ ಹಿಡಿಯುವ ಪ್ಯಾಡ್ ಎಂದರೆ ಉಕ್ಕಿನ ನಾರು, ಕಬ್ಬಿಣದ ಪುಡಿ, ಗ್ರಾಫೈಟ್, ಬೇರಿಯಂ ಸಲ್ಫೇಟ್ ಮುಂತಾದವುಗಳನ್ನು ಫೀನಾಲಿಕ್ ರಾಳದಲ್ಲಿ ಕಲಸಿ, ಒತ್ತಿ, ಬೇಯಿಸಿದ ಹಲಗೆ. ಬ್ರೇಕ್ ಒತ್ತಿದಾಗಲೆಲ್ಲ ಡಿಸ್ಕ್ ಮತ್ತು ಪ್ಯಾಡ್ ಎರಡೂ ಸವೆಯುತ್ತವೆ. ಹಗುರವಾದ ಕಣಗಳು ಗಾಳಿಗೆ ಸೇರುತ್ತವೆ, ಉಳಿದವು ಚಕ್ರಕ್ಕೆ ಅಂಟುತ್ತವೆ. ಅಂಟಿದ ಕಣಗಳಲ್ಲಿ ಕಬ್ಬಿಣವಿರುವುದರಿಂದ ಇಬ್ಬನಿಯೋ ಮಳೆಯೋ ಬಿದ್ದ ಕೂಡಲೇ ಅವು ತುಕ್ಕು ಹಿಡಿಯತೊಡಗುತ್ತವೆ, ತುಕ್ಕು ಹಿಡಿದ ಕಣ ಚಕ್ರದ ಮೇಲಿನ ಪಾರದರ್ಶಕ ಲೇಪವನ್ನು, ಅಂದರೆ ಕ್ಲಿಯರ್ ಕೋಟನ್ನು, ಕಚ್ಚಿಕೊಳ್ಳುತ್ತದೆ. ಹೀಗಾಗಿ ಚಕ್ರದ ಮೇಲೆ ಯಾವಾಗಲೂ ಎರಡು ಪದರಗಳಿರುತ್ತವೆ: ಸೋಪಿನ ನೀರಿಗೆ ಬಿಡುವ ಸಡಿಲ ಧೂಳು ಒಂದು, ಅದರ ಕೆಳಗೆ ಕಿತ್ತಳೆ ಚುಕ್ಕೆಗಳಾಗಿ ಕುಳಿತ ಕಬ್ಬಿಣ ಇನ್ನೊಂದು. ಬಹುತೇಕರು ಎರಡಕ್ಕೂ ಒಂದೇ ಮದ್ದು ಹುಡುಕುತ್ತಾರೆ. ನನ್ನ ಕ್ರಮವೆಲ್ಲ ನಿಂತಿರುವುದು ಇವೆರಡನ್ನು ಬೇರೆ ಬೇರೆಯಾಗಿ ನೋಡುವುದರ ಮೇಲೆ.

ನನ್ನದು ಯುರೋಪ್ ಮೂಲದ ಕಂಪನಿಯೊಂದರ ಸೆಕೆಂಡ್ ಹ್ಯಾಂಡ್ ಸೆಡಾನ್. ಯುರೋಪಿನ ಕಾರುಗಳಿಗೆ ಸಾಮಾನ್ಯವಾಗಿ ಬರುವ ಲೋಹಾಂಶವುಳ್ಳ ಪ್ಯಾಡುಗಳು ಚೆನ್ನಾಗಿ ಹಿಡಿಯುತ್ತವೆ, ಆದರೆ ಡಿಸ್ಕನ್ನೂ ಸವೆಸುತ್ತವೆ, ಧೂಳನ್ನೂ ಧಾರಾಳವಾಗಿ ಉದುರಿಸುತ್ತವೆ. ಜಪಾನ್ ಮತ್ತು ಕೊರಿಯಾ ಮೂಲದ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವ, ಲೋಹಾಂಶ ಕಡಿಮೆಯಿರುವ ‘ಆರ್ಗ್ಯಾನಿಕ್’ ಪ್ಯಾಡುಗಳಿಂದ ಬರುವ ಧೂಳು ಕಡಿಮೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳೇ ಹೆಚ್ಚಿನ ಕೆಲಸ ಮಾಡುತ್ತವೆ, ಆದ್ದರಿಂದ ಅವೇ ಹೆಚ್ಚು ಕಪ್ಪಾಗುತ್ತವೆ. ಹಿಂದೆ ಡ್ರಮ್ ಬ್ರೇಕ್ ಇರುವ ಕಾರುಗಳಲ್ಲಿ ಧೂಳಿನ ಬಹುಪಾಲು ಡ್ರಮ್ಮಿನೊಳಗೇ ಉಳಿಯುವುದರಿಂದ ಆ ಚಕ್ರಗಳು ಶುಭ್ರವಾಗಿ ಕಾಣುತ್ತವೆ.

ನೀರು ಮುಟ್ಟಿಸುವ ಮುನ್ನ ನಾಲ್ಕೂ ಚಕ್ರಗಳನ್ನು ಒಮ್ಮೆ ಸುತ್ತು ಹಾಕಿ ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ. ಮುಂದಿನ ಎರಡೂ ಚಕ್ರಗಳು ಒಂದೇ ಸಮನಾಗಿ ಕಪ್ಪಾಗಿರಬೇಕು. ಒಮ್ಮೆ ಎಡಗಡೆಯ ಚಕ್ರ ಬಲಗಡೆಯದಕ್ಕಿಂತ ಎದ್ದು ಕಾಣುವಷ್ಟು ಕಪ್ಪಾಗಿತ್ತು, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಆ ಚಕ್ರದ ಬಳಿ ಮಾತ್ರ ಬಿಸಿ ಹೆಚ್ಚಾಗಿತ್ತು. ತೊಳೆಯದೆ ಹಾಗೆಯೇ ಗ್ಯಾರೇಜಿಗೆ ಕೊಂಡೊಯ್ದೆ. ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್ ಬಿಚ್ಚಿ ನೋಡಿದಾಗ ಅದು ಜಾರುವ ಪಿನ್ನಿನ ಗ್ರೀಸ್ ಒಣಗಿ, ಪಿನ್ ಬಿಗಿದು, ಪ್ಯಾಡು ಡಿಸ್ಕಿನಿಂದ ಬಿಡಿಸಿಕೊಳ್ಳದೆ ಸದಾ ಉಜ್ಜುತ್ತಿತ್ತು. "ತೊಳೆದು ಫಳಫಳ ಮಾಡ್ಕೊಂಡು ಬಂದಿದ್ರೆ ನಾನೂ ಮೊದಲು ಬೇರೆ ಕಡೆ ಹುಡುಕ್ತಿದ್ದೆ ಸಾರ್" ಎಂದರು ಮೇಸ್ತ್ರಿ. ಪಿನ್ ತೆಗೆದು ಒರೆಸಿ, ಬ್ರೇಕಿಗೆಂದೇ ಇರುವ ಗ್ರೀಸ್ ಹಚ್ಚಿ, ರಬ್ಬರ್ ಟೋಪಿ ಬದಲಾಯಿಸಿದ ಮೇಲೆ ಎರಡೂ ಚಕ್ರಗಳ ಬಣ್ಣ ಮತ್ತೆ ಸಮವಾಯಿತು. ಧೂಳು ಒಣಗಿರದೆ ಒದ್ದೆಯಾಗಿ ಜಿಗುಟಾಗಿದ್ದರೆ ಅದು ಬೇರೆಯದೇ ಸೂಚನೆ: ಬ್ರೇಕ್ ಎಣ್ಣೆ ಸೋರುತ್ತಿರಬಹುದು, ಇಲ್ಲವೇ ಆಕ್ಸಲ್ ತುದಿಯ ರಬ್ಬರ್ ಬೂಟ್ ಹರಿದು ಗ್ರೀಸ್ ಸಿಡಿಯುತ್ತಿರಬಹುದು. ಎರಡರಲ್ಲೂ ಬ್ರಷ್ ಕೆಳಗಿಟ್ಟು ಮೆಕ್ಯಾನಿಕ್ ಬಳಿ ಹೋಗುವುದೇ ಸರಿ.

ಈಗ ತೊಳೆಯುವ ವಿಷಯ. ಚಕ್ರ ಮತ್ತು ಡಿಸ್ಕ್ ಪೂರ್ತಿ ತಣ್ಣಗಾಗಿರಬೇಕು, ಕಾರು ನೆರಳಿನಲ್ಲಿರಬೇಕು. ಕಾದ ಡಿಸ್ಕಿನ ಮೇಲೆ ತಣ್ಣೀರು ಸುರಿಯುವುದು ಒಳ್ಳೆಯದಲ್ಲ, ಬಿಸಿ ಚಕ್ರದ ಮೇಲೆ ಯಾವ ದ್ರವವಾದರೂ ಕೆಲಸ ಮುಗಿಸುವ ಮೊದಲೇ ಒಣಗಿ ಕಲೆ ಮಾಡುತ್ತದೆ. ಒಣ ಧೂಳನ್ನು ಬ್ರಷ್ಷಿನಿಂದ ಕೊಡವುವುದಾಗಲಿ, ಪಂಕ್ಚರ್ ಅಂಗಡಿಯ ಏರ್ ಪೈಪಿನಿಂದ ಊದುವುದಾಗಲಿ ಕೂಡದು. ಕಣ್ಣಿಗೆ ಕಾಣದ ಕಣಗಳು ನೇರವಾಗಿ ಶ್ವಾಸಕೋಶ ಸೇರುತ್ತವೆ, ಹಳೆಯ ಗಾಡಿಯ ಬ್ರೇಕ್ ಲೈನರ್‌ಗಳಾದರೆ ಅವುಗಳಲ್ಲಿ ಆಸ್ಬೆಸ್ಟಾಸ್ ಇದ್ದೀತು. ನಾನು ಕೈಗೆ ನೈಟ್ರೈಲ್ ಗ್ಲೌಸ್ ತೊಟ್ಟು, ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮೊದಲು ಮೆಲುವಾಗಿ ನೀರು ಹಾಯಿಸಿ ಚಕ್ರವನ್ನು ನೆನೆಸುತ್ತೇನೆ. ಮೂಡಿಗೆರೆಯ ಕಡೆಯ ತೋಟದ ರಸ್ತೆಗಳ ಕೆಮ್ಮಣ್ಣು ಮೆತ್ತಿದ್ದರೆ ಅದು ಪೂರ್ತಿ ಹೋಗುವವರೆಗೂ ಬರಿಯ ನೀರೇ. ಮಣ್ಣಿನ ಮೇಲೆ ಸುರಿದ ಕೆಮಿಕಲ್ಲು ದಂಡ. ಆಮೇಲೆ ಕಾರ್ ಶಾಂಪೂ ಬೆರೆಸಿದ ನೀರು, ಕಡ್ಡಿಗಳ ಮುಖಕ್ಕೆ ಮೃದುವಾದ ಬ್ರಷ್, ನಟ್ಟುಗಳ ಗುಂಡಿಗಳಿಗೆ ಪೇಂಟ್ ಬ್ರಷ್ಷಿನಂಥ ಸಣ್ಣದೊಂದು, ಒಳಗಿನ ಉರುಟು ಭಾಗಕ್ಕೆ ಉದ್ದ ಹಿಡಿಯ ಬ್ರಷ್. ಈ ಬಕೆಟ್, ಬ್ರಷ್, ಬಟ್ಟೆಗಳು ಚಕ್ರಗಳಿಗೇ ಮೀಸಲು. ಕಬ್ಬಿಣದ ಕಣ ಸೇರಿದ ಬಟ್ಟೆ ಬಾನೆಟ್ಟಿನ ಮೇಲೆ ಹರಿದಾಡಿದರೆ ಬಣ್ಣದ ತುಂಬ ಗೀರುಗಳು ಏಳುತ್ತವೆ. ಇದೇ ಕಾರಣಕ್ಕೆ ಚಕ್ರಗಳನ್ನು ಬಾಡಿಗಿಂತ ಮೊದಲು, ಒಂದು ಮುಗಿದ ಮೇಲೆ ಇನ್ನೊಂದರಂತೆ ತೊಳೆಯುತ್ತೇನೆ.

ನಿಯಮಿತವಾಗಿ ತೊಳೆಯುತ್ತಿದ್ದರೆ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಸೋಪಿನ ನೀರಿಗೆ ಜಗ್ಗದೆ ಕಿತ್ತಳೆ ಚುಕ್ಕೆಗಳು ಉಳಿದಾಗ ಮಾತ್ರ ಐರನ್ ರಿಮೂವರ್ ಹೊರಬರಬೇಕು. ಇದರಲ್ಲಿರುವುದು ಸಾಮಾನ್ಯವಾಗಿ ಅಮೋನಿಯಂ ಅಥವಾ ಸೋಡಿಯಂ ಥಯೋಗ್ಲೈಕೊಲೇಟ್. ಅದು ಕಬ್ಬಿಣದೊಂದಿಗೆ ಸೇರಿ ನೀರಿನಲ್ಲಿ ಕರಗುವ ಸಂಯುಕ್ತವಾಗುತ್ತದೆ, ಆಗ ಚಕ್ರದಿಂದ ನೇರಳೆ ಬಣ್ಣ ಇಳಿಯತೊಡಗುತ್ತದೆ. ಬ್ಯೂಟಿ ಪಾರ್ಲರ್‌ಗಳಲ್ಲಿ ಕೂದಲನ್ನು ಗುಂಗುರು ಮಾಡಲು ಹಚ್ಚುವ ದ್ರವದಲ್ಲಿಯೂ ಇದೇ ವರ್ಗದ ರಾಸಾಯನಿಕವಿದೆ. ಗಂಧಕದ ಆ ಕೊಳೆತ ಮೊಟ್ಟೆಯ ವಾಸನೆ ಅಲ್ಲಿಯೂ ಇರುತ್ತದೆ, ಇಲ್ಲಿಯೂ ಇರುತ್ತದೆ. ಹಾಗಾಗಿ ಗಾಳಿಯಾಡದ ಬೇಸ್‌ಮೆಂಟಿನಲ್ಲಿ ಇದನ್ನು ಬಳಸಬಾರದು, ಅಪಾರ್ಟ್‌ಮೆಂಟಿನವರು ಜಗಳಕ್ಕೆ ಬರುವುದು ನ್ಯಾಯವೇ. ತೊಳೆದು ನೀರಿಳಿದ ಚಕ್ರಕ್ಕೆ ಸಿಂಪಡಿಸಿ, ಬಾಟಲಿಯ ಮೇಲೆ ಬರೆದಷ್ಟು ನಿಮಿಷ ಬಿಟ್ಟು, ಒಣಗಲು ಬಿಡದೆ ಮೃದುವಾದ ಬ್ರಷ್ಷಿನಿಂದ ಆಡಿಸಿ, ಧಾರಾಳ ನೀರಿನಿಂದ ತೊಳೆಯಬೇಕು. ನೇರಳೆ ಬಣ್ಣ ಹೆಚ್ಚು ಬಂದಷ್ಟೂ ಹೆಚ್ಚು ಶುದ್ಧವಾಯಿತೆಂದು ತಿಳಿಯುವ ಹಾಗಿಲ್ಲ, ಏಕೆಂದರೆ ಕಡ್ಡಿಗಳ ಹಿಂದಿರುವ ಡಿಸ್ಕ್ ಕೂಡ ಕಬ್ಬಿಣವೇ ಆಗಿದ್ದು ಅದರ ಮೇಲೆ ಬಿದ್ದ ಹನಿಯೂ ನೇರಳೆಯಾಗುತ್ತದೆ. ಮೊಂಡು ಕಲೆಯಿದ್ದರೆ ಒತ್ತಿ ಉಜ್ಜುವುದಕ್ಕಿಂತ ಇನ್ನೊಮ್ಮೆ ಸಿಂಪಡಿಸುವುದು ಮೇಲು. ಹೊಸ ಟಾರು ಬಿದ್ದ ರಸ್ತೆಯಿಂದ ಹತ್ತಿದ ಕಪ್ಪು ಬೊಟ್ಟುಗಳಿಗೆ ಇದರಿಂದ ಉಪಯೋಗವಿಲ್ಲ, ಅವುಗಳಿಗೆ ಟಾರ್ ರಿಮೂವರ್ ಬೇಕು.

ಹೆದ್ದಾರಿಯ ಪಕ್ಕದ ಕೆಲವು ವಾಟರ್ ಸರ್ವಿಸ್‌ಗಳಲ್ಲಿ ಚಕ್ರಕ್ಕೆಂದು ಹೆಸರಿಲ್ಲದ ಕ್ಯಾನಿನಿಂದ ಒಂದು ದ್ರವ ಎರಚುತ್ತಾರೆ, ಅದು ಬಿದ್ದ ಕ್ಷಣವೇ ಚಕ್ರ ಬೆಳ್ಳಗಾಗುತ್ತದೆ. ಇಂಥವು ಬಹುಮಟ್ಟಿಗೆ ಪ್ರಬಲ ಆಮ್ಲ ಅಥವಾ ಪ್ರಬಲ ಕ್ಷಾರ. ಆಮ್ಲ ಜಾತಿಯ ಕೆಲವು ವೀಲ್ ಕ್ಲೀನರ್‌ಗಳಲ್ಲಿ ಬರುವ ಹೈಡ್ರೋಫ್ಲೋರಿಕ್ ಆಮ್ಲವಂತೂ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡಬಲ್ಲದು. ತೊಳೆಯುವ ಹುಡುಗರು ಬರಿಗೈಯಲ್ಲಿ ಅದನ್ನು ಬಳಸುವುದನ್ನು ಕಂಡರೆ ನನ್ನ ಚಕ್ರಕ್ಕಿಂತ ಅವರ ಕೈಗಳ ಚಿಂತೆಯೇ ಹೆಚ್ಚಾಗುತ್ತದೆ. ಮನೆಮದ್ದುಗಳ ಬಗ್ಗೆಯೂ ಒಂದು ಮಾತು. ಹುಣಸೆಹಣ್ಣಿನಿಂದ ಹಿತ್ತಾಳೆ ಚೊಂಬು ಹೊಳೆಯುವುದು ಅದರ ಹುಳಿ ಲೋಹದ ಮೇಲಿನ ಕಿಲುಬನ್ನು ಕರಗಿಸುವುದರಿಂದ. ಅಲಾಯ್ ಚಕ್ರದಲ್ಲಿ ನಾವು ಮುಟ್ಟುವುದು ಲೋಹವನ್ನಲ್ಲ, ಅದರ ಮೇಲಿನ ಲೇಪವನ್ನು, ಆದ್ದರಿಂದ ಆ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಮತ್ತು ಸ್ಟೀಲ್ ನಾರು ಆ ಲೇಪವನ್ನೇ ಗೀರುತ್ತವೆ. ಡೈಮಂಡ್ ಕಟ್ ಚಕ್ರಗಳಲ್ಲಿ ಇದರ ಪರಿಣಾಮ ಇನ್ನೂ ಕೆಟ್ಟದ್ದು. ಅಲ್ಲಿ ಹೊಳೆಯುವ ಮುಖವೆಂದರೆ ಲೇತಿನಲ್ಲಿ ಕತ್ತರಿಸಿದ ಅಲ್ಯೂಮಿನಿಯಂ, ಅದನ್ನು ಕಾಯುವುದು ತೆಳುವಾದ ಕ್ಲಿಯರ್ ಕೋಟ್ ಮಾತ್ರ, ಅದೊಮ್ಮೆ ಒಡೆದರೆ ತೇವ ಒಳನುಗ್ಗಿ ಲೇಪದಡಿಯಲ್ಲಿ ಬಿಳಿಯ ಹುಳು ಹರಿದಂಥ ಗೆರೆಗಳು ಹಬ್ಬುತ್ತವೆ, ಅದನ್ನು ಯಾವ ಕ್ಲೀನರ್ರೂ ತೆಗೆಯಲಾರದು. ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸಿದರೆ ಹೊಳಪು ಬಂದಂತೆ ಕಂಡರೂ ಎಣ್ಣೆಯ ಪಸೆಗೆ ಧೂಳು ಮತ್ತಷ್ಟು ಅಂಟುತ್ತದೆ, ಟೈರಿನ ರಬ್ಬರಿಗೂ ಹಾನಿ. ಡಿಸ್ಕಿನ ಮೇಲೆ ಬಿದ್ದರಂತೂ ಬ್ರೇಕ್ ಹಿಡಿತವೇ ಕುಂದುತ್ತದೆ. ಟೈರಿಗೆ ಹೊಡೆಯುವ ಸಿಲಿಕಾನ್ ಸ್ಪ್ರೇಗೂ ಇದೇ ಮಾತು ಅನ್ವಯಿಸುತ್ತದೆ, ಅದನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕೇ ಹೊರತು ಚಕ್ರದತ್ತ ಸಿಂಪಡಿಸಬಾರದು.

ಚಕ್ರದ ಒಳಮೈಯನ್ನು ಸರಿಯಾಗಿ ತೊಳೆಯಲು ಅದನ್ನು ಬಿಚ್ಚಲೇಬೇಕು. ಟೈರುಗಳನ್ನು ಅದಲುಬದಲು ಮಾಡುವ ಸಮಯಕ್ಕೆ ಈ ಕೆಲಸವನ್ನೂ ಜೋಡಿಸಿಕೊಂಡರೆ ಶ್ರಮ ಉಳಿಯುತ್ತದೆ. ಸಮತಟ್ಟಾದ ನೆಲ, ಉಳಿದ ಚಕ್ರಗಳಿಗೆ ಅಡ್ಡಗಲ್ಲು, ಜಾಕ್ ಹೊರತಾಗಿ ಆಧಾರಕ್ಕೆ ಸ್ಟ್ಯಾಂಡ್ ಇರಬೇಕು. ಒಳಮೈಯಲ್ಲಿ ಬ್ಯಾಲೆನ್ಸಿಂಗಿಗಾಗಿ ಅಂಟಿಸಿದ ತೂಕದ ತುಂಡುಗಳಿರುತ್ತವೆ. ಬ್ರಷ್ಷಿನ ಹಿಡಿಯೋ ಪ್ರೆಷರ್ ವಾಷರ್‌ನ ಧಾರೆಯೋ ತಗುಲಿ ಅವು ಕಿತ್ತುಹೋದರೆ ಹೆದ್ದಾರಿಯಲ್ಲಿ ಸ್ಟೀರಿಂಗ್ ನಡುಗತೊಡಗುತ್ತದೆ. ತಿರುಗಿ ಜೋಡಿಸುವಾಗ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಕೊನೆಯ ಬಿಗಿತವನ್ನು ಕಾರಿನ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಟಾರ್ಕ್ ರೆಂಚಿನಿಂದ ನೋಡಿಕೊಳ್ಳುತ್ತೇನೆ.

ಬೆಂಗಳೂರಿನಲ್ಲಿ ಇದೆಲ್ಲದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ನೀರು ಎಂಬುದು. 2024ರ ಮಾರ್ಚ್‌ನಲ್ಲಿ ನೀರಿನ ಬವಣೆ ತಲೆದೋರಿದಾಗ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಬೋರ್‌ವೆಲ್ ನೀರು ಗಡಸು, ಚಕ್ರದ ಮೇಲೆ ಒಣಗಲು ಬಿಟ್ಟರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳ ಬಿಳಿ ಚುಕ್ಕೆ ಉಳಿಯುತ್ತದೆ. ಮಹಡಿಯಿಂದ ಹಿಡಿದಿಟ್ಟ ಮಳೆನೀರು ಇದ್ದಾಗ ನಾನು ಅದನ್ನೇ ಬಳಸುತ್ತೇನೆ, ಬಕೆಟ್ ಲೆಕ್ಕದಲ್ಲಿ ತೊಳೆಯುತ್ತೇನೆ, ಯಾವ ನೀರಾದರೂ ಕೊನೆಯಲ್ಲಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸುತ್ತೇನೆ. ತೊಳೆದ ಬೆನ್ನಿಗೇ ಕಾರನ್ನು ನಿಲ್ಲಿಸಿಬಿಡಬಾರದು. ಒದ್ದೆ ಡಿಸ್ಕಿನ ಮೇಲೆ ಕೆಲವೇ ಹೊತ್ತಿನಲ್ಲಿ ತೆಳು ತುಕ್ಕು ಕಾಣಿಸಿಕೊಳ್ಳುತ್ತದೆ, ಮೊದಲ ಕೆಲವು ಸಲ ಬ್ರೇಕ್ ಹಿಡಿತವೂ ಕೊಂಚ ಕಡಿಮೆಯಿರುತ್ತದೆ. ಖಾಲಿ ಬೀದಿಯಲ್ಲಿ ನಿಧಾನವಾಗಿ ಓಡಿಸಿ, ಮೆಲ್ಲನೆ ಬ್ರೇಕ್ ಒತ್ತಿ ಡಿಸ್ಕುಗಳನ್ನು ಒಣಗಿಸಿದರೆ ಸಾಕು.

ಇನ್ನು ತಡೆಯುವುದು. ಧೂಳು ಹುಟ್ಟದಂತೆ ಮಾಡಲು ಆಗದು, ಕೂರದಂತೆ ಮತ್ತು ಕಡಿಮೆ ಹುಟ್ಟುವಂತೆ ಮಾಡಬಹುದು. ಪೂರ್ತಿ ಶುದ್ಧವಾದ ಚಕ್ರಕ್ಕೆ ಸಿಂಥೆಟಿಕ್ ಸೀಲೆಂಟ್ ಅಥವಾ ಚಕ್ರಗಳಿಗೆಂದೇ ಬರುವ ಸೆರಾಮಿಕ್ ಲೇಪ ಹಚ್ಚಿದರೆ ಕಣಗಳು ಕ್ಲಿಯರ್ ಕೋಟಿಗೆ ನೇರವಾಗಿ ತಾಗುವುದಿಲ್ಲ, ಮುಂದಿನ ತೊಳೆತ ಸುಲಭವಾಗುತ್ತದೆ. ಕಾರಿನ ಮೈಗೆ ಹಚ್ಚುವ ಕಾರ್ನೌಬಾ ಮೇಣ ಇಲ್ಲಿ ಬಾಳುವುದಿಲ್ಲ. ಅದು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ವಸ್ತು, ಘಾಟಿಯಲ್ಲಿ ಬ್ರೇಕಿನ ಬಿಸಿಗೆ ಬೇಗ ಸೋಲುತ್ತದೆ. ಆದರೆ ಯಾವ ಲೇಪಕ್ಕಿಂತಲೂ ಹೆಚ್ಚು ಗುಣ ಕಂಡದ್ದು ಗೇರಿನಿಂದ. ಹತ್ತುವ ಗೇರಿನಲ್ಲೇ ಇಳಿಯಬೇಕೆಂದು ಘಾಟಿಯ ಡ್ರೈವರುಗಳು ಹೇಳುವುದು ಬ್ರೇಕ್ ಕಾಯಿಸದಿರಲಿ ಎಂಬ ಕಾರಣಕ್ಕೆ, ಚಕ್ರ ಕಪ್ಪಾಗದಿರುವುದು ಅದರ ಜೊತೆಗೆ ಸಿಗುವ ಲಾಭ. ಎರಡನೆಯ ಗೇರಿನಲ್ಲಿ ಎಂಜಿನ್ನೇ ವೇಗ ಹಿಡಿದಿಟ್ಟು, ತಿರುವಿಗೆ ಮುಂಚೆ ಮಾತ್ರ ಬ್ರೇಕ್ ಒತ್ತಿ ಬಿಡುವ ಕ್ರಮಕ್ಕೆ ಬಂದ ಮೇಲೆ ಚಕ್ರಗಳ ಮೇಲಿನ ಧೂಳು ಕಣ್ಣಿಗೆ ಕಾಣುವಷ್ಟು ಇಳಿಯಿತು. ಬ್ಯಾಟರಿ ಕಾರುಗಳಲ್ಲಿ ಮೋಟಾರೇ ವೇಗ ತಗ್ಗಿಸಿ ವಿದ್ಯುತ್ತನ್ನು ಮರಳಿ ತುಂಬುವುದರಿಂದ ಈ ಲಾಭ ಇನ್ನೂ ಹೆಚ್ಚು. ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ, ವಾಹನಗಳ ಮಾಲಿನ್ಯಕ್ಕೆ ಮಿತಿ ಹಾಕುವ ಯೂರೋ 7 ನಿಯಮದಲ್ಲಿ ಬ್ರೇಕಿನ ಕಣಗಳಿಗೂ ಮೊದಲ ಬಾರಿಗೆ ಮಿತಿ ಹಾಕುವಾಗ ಸಾಮಾನ್ಯ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬ್ಯಾಟರಿ ಕಾರುಗಳಿಗೆ 3 ಮಿಲಿಗ್ರಾಂ ಎಂದು ಗೊತ್ತುಪಡಿಸಿರುವುದೂ ಇದೇ ಕಾರಣದಿಂದಾಗಿ.

ಚಕ್ರ ಮತ್ತು ಬ್ರೇಕಿನ ನಡುವೆ ಕೂರಿಸುವ ಧೂಳು ತಡೆಯುವ ತಟ್ಟೆಗಳನ್ನು ಕೆಲವರು ಸೂಚಿಸುತ್ತಾರೆ. ಅವು ಬ್ರೇಕಿಗೆ ತಾಗುವ ಗಾಳಿಯನ್ನೇ ತಡೆಯುವುದರಿಂದ ಘಾಟಿ ಇಳಿಯುವವರಿಗೆ ಅವು ಬೇಡವೆಂದೇ ನನ್ನ ಅಭಿಪ್ರಾಯ. ಪ್ಯಾಡುಗಳು ಸವೆದು ಬದಲಾಯಿಸುವ ಕಾಲ ಬಂದಾಗ ಕಾರಿಗೆ ಹೊಂದುವ ಕಡಿಮೆ ಧೂಳಿನ ಸೆರಾಮಿಕ್ ಪ್ಯಾಡುಗಳನ್ನು ಹಾಕಿಸಿದೆ. ತಣ್ಣಗಿರುವಾಗ ಮೊದಲ ಒತ್ತಿಗೆ ಅವುಗಳ ಹಿಡಿತ ಹಳೆಯವಕ್ಕಿಂತ ತುಸು ಮೃದು ಎನಿಸಿತು, ಕಾಲಿಗೆ ಅಭ್ಯಾಸವಾಗಲು ಸ್ವಲ್ಪ ಕಾಲ ಹಿಡಿಯಿತು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಧೂಳು ಮಾಮೂಲಿಗಿಂತ ಹೆಚ್ಚೇ ಬರುವುದರಿಂದ ಚಕ್ರಗಳಿಗೆ ಹೊಸ ಸೀಲೆಂಟನ್ನು ಅದು ಮುಗಿದ ಮೇಲೆಯೇ ಹಚ್ಚಿದೆ. ಈಗ ಮುಂದಿನ ಚಕ್ರಗಳ ಮೇಲೆ ಕೂರುವ ಧೂಳು ತಿಳಿ ಬೂದು ಬಣ್ಣದ್ದು, ಅರ್ಧ ಬಕೆಟ್ ಸೋಪಿನ ನೀರಿಗೆ ಹೋಗುವಂಥದ್ದು. ಐರನ್ ರಿಮೂವರ್ ಬಾಟಲಿ ಹೊರಬರುವುದು ಮಳೆಗಾಲದ ಮುಂಚೆ ಮತ್ತು ನಂತರ ಮಾತ್ರ.